ರೊಕ್ಕ ಹಿಡಿದಿಡುವ ನಡುವಿನವ

ಕಮಲಾಪುರದ ಕಡೆಯ ರೈತ ಕಲಬುರಗಿ ಗಂಜಿಗೆ ತೊಗರಿ ತಂದರೆ ದಾಲ್ ಮಿಲ್ಲಿನವರನ್ನು ಹುಡುಕಿ ಅಲೆಯುವುದಿಲ್ಲ. ಅಡತಿ ಅಂಗಡಿ ಮುಂದೆ ಚೀಲ ಇಳಿಸುತ್ತಾನೆ. ಕೊಂಡವನು ತಡಮಾಡಿದರೆ ರೈತ ಕೇಳುವುದು ಅಡತಿಯವನನ್ನೇ. ಅಂಗಡಿ ಅಲ್ಲೇ ಇರುತ್ತದೆ, ಓಡಿಹೋಗುವಂತಿಲ್ಲ.

ನಿಜಾಮರ ಕಾಲದಲ್ಲಿ ನಾಣ್ಯವೂ ಎರಡು. ಇಲ್ಲಿ ಹಾಲಿ ಸಿಕ್ಕಾ, ಗಡಿಯಾಚೆ ಸೊಲ್ಲಾಪುರದಲ್ಲಿ ಬ್ರಿಟಿಷರ ಕಲ್ದಾರ್. ಸುಮಾರು 7 ಹಾಲಿಗೆ 6 ಕಲ್ದಾರ್. ಬದಲಿಸಿ ಕೊಡುವವನೂ ನಡುವಿನವನೇ. ನಂಬಿಕೆಯೊಂದೇ ಸಾಲದೆ 1930ರಲ್ಲಿ ಹೈದರಾಬಾದ್ ಸಂಸ್ಥಾನ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. 1966ರ ಕರ್ನಾಟಕ ಕಾಯ್ದೆಯಲ್ಲಿ ಅಡತಿಗೆ ಲೈಸೆನ್ಸ್ ಕಡ್ಡಾಯವಾಯಿತು.

2009ರಲ್ಲಿ ಬಂದ ಬಿಟ್‌ಕಾಯಿನ್‌ಗೆ ನಡುವಿನವನೇ ಬೇಡ ಎಂಬ ಹೆಮ್ಮೆ. ಆದರೆ ಕಾಯಿನ್ ಹೋಗುವ ದಾರಿ ಬೇರೆ, ರೂಪಾಯಿ ಹೋಗುವ ಬ್ಯಾಂಕ್ ಬೇರೆ. ಮೊದಲು ಕೊಡುವವರು ಯಾರು? ಅಲ್ಲಿ ನಮ್ಮ ಅಡತಿಯವನು ಎಸ್ಕ್ರೋ ಎಂಬ ಹೆಸರಲ್ಲಿ ಮತ್ತೆ ಹುಟ್ಟಿದ. ಕಾಯಿನ್ ಹಿಡಿದಿಟ್ಟು, ರೂಪಾಯಿ ಮುಟ್ಟಿದ ಮೇಲೆ ಬಿಡುತ್ತಾನೆ. ಒಳ್ಳೆಯ ಏರ್ಪಾಡಿನಲ್ಲಿ ಮೂವರಿಗೂ ಒಂದೊಂದು ಕೀಲಿ. ಎರಡು ಕೂಡಿದರೆ ಮಾತ್ರ ತೆರೆಯುತ್ತದೆ. ಅವನೊಬ್ಬನೇ ಎತ್ತಿಕೊಂಡು ಹೋಗಲಾರ. ಗಂಜಿನಲ್ಲಿ ಈ ಸವಲತ್ತು ಇರಲಿಲ್ಲ ಬಿಡಿ.

"ನಿನ್ನ ಖಾತೆಯಿಂದ ರೊಕ್ಕ ದಾಟಿಸು, ಕಮಿಷನ್ ಕೊಡ್ತೀವಿ" ಎಂದು ಯಾರಾದರೂ ಫೋನಿನಲ್ಲಿ ಕರೆದರೆ ಅದು ಎಸ್ಕ್ರೋ ಅಲ್ಲ. ಬೇರೆಯವರ ಕ್ರಿಪ್ಟೋ ಕಾಯ್ದಿಡುವ ವ್ಯವಹಾರ 2023ರ ಮಾರ್ಚ್ 7ರಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದಿದೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಬೇಕು, ಗಿರಾಕಿಯ ಗುರುತು ಬೇಕು, ಲೆಕ್ಕ ಇಡಬೇಕು. ಇದೇನೂ ಇಲ್ಲದೆ ಹಾಯಿಸಿದ ರೊಕ್ಕ ಮೋಸದ್ದಾಗಿದ್ದರೆ, ಪೊಲೀಸರು ಮೊದಲು ತಟ್ಟುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲು.