ವೈರಸ್ಸಿಲ್ಲದ ವೈರಸ್ ಜ್ವರ

ಪುಣೆಯಿಂದ ದಿವೆ ಘಾಟ್ ದಾಟಿದರೆ ಸಾಸವಡ ಸಿಗುತ್ತದೆ. ಕರ್ಹಾ ನದಿಯ ದಡದ ಈ ಊರಲ್ಲಿ ಸಂತ ಸೋಪಾನದೇವರ ಸಮಾಧಿ ಇದೆ. ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಕಿ ಇಲ್ಲಿ ತಂಗುತ್ತದೆ. ಇನ್ನೂ ಮುಂದೆ ಹೋದರೆ ಜೇಜುರಿ, ಕನ್ನಡಿಗರು ಮೈಲಾರ ಎಂದು ಕರೆಯುವ ಖಂಡೋಬನ ಬೆಟ್ಟ. ಸಾಸವಡವೇ ಕೇಂದ್ರವಾಗಿರುವ ಪುರಂದರ ತಾಲ್ಲೂಕಿನ ಬೆಲಸರ ಎಂಬ ಹಳ್ಳಿ 2021ರ ಜುಲೈ ಕೊನೆಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಆ ತಿಂಗಳ ಆರಂಭದಿಂದಲೇ ಊರಲ್ಲಿ ಜ್ವರ ಹಬ್ಬಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ತಂಡ ಬೆಲಸರ ಮತ್ತು ಪರಿಂಚೆ ಹಳ್ಳಿಗಳಿಗೆ ಬಂದು 41 ಜನರ ರಕ್ತದ ಮಾದರಿ ಪಡೆಯಿತು. 25ರಲ್ಲಿ ಚಿಕುನ್‌ಗುನ್ಯಾ, ಮೂರರಲ್ಲಿ ಡೆಂಗಿ, ಒಂದರಲ್ಲಿ ಜೀಕಾ ಸಿಕ್ಕಿತು. ಮಹಾರಾಷ್ಟ್ರದ ಮೊದಲ ಜೀಕಾ ರೋಗಿ ಬೆಲಸರದ ಐವತ್ತು ವಯಸ್ಸಿನ ಹೆಂಗಸು. ಆಕೆಗೆ ಚಿಕುನ್‌ಗುನ್ಯಾ ಕೂಡ ಇತ್ತು. ಆಕೆ ಚೇತರಿಸಿಕೊಂಡರು.

ಲೆಕ್ಕ ಹಾಕಿದರೆ ಹತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಈ ಮೂರು ವೈರಸ್‌ಗಳ ಪೈಕಿ ಯಾವುದೂ ಇರಲಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ. ಜ್ವರಕ್ಕೆ ನೂರು ಕಾರಣ, ಪರೀಕ್ಷೆ ತಡವಾದರೂ ವೈರಸ್ ಸಿಗದೆ ಹೋಗಬಹುದು. ಆದರೆ ‘ವೈರಸ್ ಸಿಗಲಿಲ್ಲ’ ಎಂಬ ವರದಿಯ ಹಿಂದೆ ವೈದ್ಯಶಾಸ್ತ್ರದ ಒಂದು ವಿಚಿತ್ರ ಅಧ್ಯಾಯವಿದೆ, ಮತ್ತು ಅದಕ್ಕೂ ಜೀಕಾಕ್ಕೂ ನೇರ ಸಂಬಂಧವಿದೆ.

ಪುಣೆಯ ಈ ಸಂಸ್ಥೆ ಕನ್ನಡಿಗರಿಗೆ ಹೊಸದಲ್ಲ. ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಅದು ಶುರುವಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ಇದೇ ಕೇಂದ್ರ. ಚಿಕುನ್‌ಗುನ್ಯಾ 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯನ್ನು ಕಾಡಿ ಮೂರು ದಶಕ ತಣ್ಣಗಿದ್ದು, 2005–06ರಲ್ಲಿ ಮರಳಿತು. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವೇ. ಆಗ ‘ಚಿಕನ್ ಗುನ್ಯಾ’ ಎಂದು ಬಾಯಿಗೆ ಬಂದ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. ಅದು ಆಫ್ರಿಕಾದ ಮಕೊಂಡೆ ಭಾಷೆಯ ಪದ. ನೋವಿಗೆ ಮೈ ಬಾಗಿಸುವಂಥದ್ದು ಎಂದು ಅರ್ಥ. ಜೀಕಾ ಉಗಾಂಡಾದ ಒಂದು ಕಾಡಿನ ಹೆಸರು. 1947ರಲ್ಲಿ ವೈರಸ್ ಸಿಕ್ಕಿದ್ದು ಅಲ್ಲಿ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಐದು ವರ್ಷದ ಹುಡುಗಿಯಲ್ಲಿ ಕರ್ನಾಟಕದ ಮೊದಲ ಜೀಕಾ ಪತ್ತೆಯಾಯಿತು. ಅದನ್ನು ಖಚಿತಪಡಿಸಿದ್ದೂ ಪುಣೆಯೇ.

ದೊಡ್ಡವರಿಗೆ ಜೀಕಾ ಸಾಮಾನ್ಯವಾಗಿ ಸಣ್ಣ ಜ್ವರ. ಭಯವಿರುವುದು ಬಸುರಿಯರಿಗೆ. 2015ರಲ್ಲಿ ಬ್ರೆಜಿಲ್‌ನಲ್ಲಿ ತಲೆ ಚಿಕ್ಕದಾದ, ಮಿದುಳಿನಲ್ಲಿ ಸುಣ್ಣದ ಕಲೆಗಳಿರುವ ಕೂಸುಗಳು ಹುಟ್ಟತೊಡಗಿದಾಗ ಜಗತ್ತಿಗೆ ಇದು ಗೊತ್ತಾಯಿತು. ರುಬೆಲ್ಲಾ, ಸೈಟೊಮೆಗಲೊ ಮುಂತಾದ ವೈರಸ್‌ಗಳೂ ಗರ್ಭದಲ್ಲಿ ಇಂಥ ಹಾನಿ ಮಾಡುತ್ತವೆ ಎಂಬುದು ಮಕ್ಕಳ ವೈದ್ಯರಿಗೆ ಮೊದಲೇ ತಿಳಿದಿತ್ತು. ಇಂಥ ಮಗು ಕಂಡರೆ ಗರ್ಭದಲ್ಲೇ ಸೋಂಕು ತಗುಲಿತ್ತು ಎಂದು ಬರೆಯುವುದು ರೂಢಿ.

ಈ ರೂಢಿಯನ್ನು ಪ್ರಶ್ನಿಸಿದವರು ಫ್ರಾನ್ಸಿನ ಇಬ್ಬರು ನರರೋಗ ತಜ್ಞರು, ಜಾನ್ ಎಕಾರ್ಡಿ ಮತ್ತು ಫ್ರಾನ್ಸ್ವಾಜ್ ಗೂತಿಯೇರ್. 1984ರಲ್ಲಿ ಅವರು ಎಂಟು ಮಕ್ಕಳ ಬಗ್ಗೆ ಬರೆದರು. ಮಿದುಳಿನಲ್ಲಿ ಅವೇ ಸುಣ್ಣದ ಕಲೆಗಳು, ಬೆನ್ನುಹುರಿಯ ದ್ರವದಲ್ಲಿ ಸೋಂಕಿದ್ದಾಗ ಹೆಚ್ಚುವ ಬಿಳಿ ಕಣಗಳು. ಎಲ್ಲವೂ ವೈರಸ್ಸಿನ ಗುರುತೇ, ಆದರೆ ಎಷ್ಟು ಹುಡುಕಿದರೂ ವೈರಸ್ ಇಲ್ಲ. ಮೇಲಾಗಿ ಒಂದೇ ಮನೆಯ ಅಕ್ಕತಮ್ಮಂದಿರಿಗೂ ಇದು ಬಂದಿತ್ತು. 1988ರಲ್ಲಿ ಪಿಯೇರ್ ಲೆಬೊನ್ ಇಂಥ ಮಕ್ಕಳ ಬೆನ್ನುಹುರಿಯ ದ್ರವದಲ್ಲಿ ಇಂಟರ್‌ಫೆರಾನ್ ತುಂಬಿರುವುದನ್ನು ತೋರಿಸಿದರು. ಇಂಟರ್‌ಫೆರಾನ್ ಎಂದರೆ ವೈರಸ್ ಹೊಕ್ಕ ಜೀವಕೋಶ ಅಕ್ಕಪಕ್ಕದವರನ್ನು ಎಚ್ಚರಿಸಲು ಹೊಡೆಯುವ ಡಂಗುರ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅದನ್ನು ಕಂಡುಹಿಡಿದಿದ್ದರು. ಕಳ್ಳನೇ ಇಲ್ಲದ ಊರಲ್ಲಿ ಡಂಗುರ ಹಗಲಿರುಳು ಬಡಿಯುತ್ತಿತ್ತು.

ಕಾರಣ ತಿಳಿದದ್ದು 2006ರಲ್ಲಿ. ಬ್ರಿಟನ್ನಿನ ಯಾನಿಕ್ ಕ್ರೋ ಮತ್ತು ಸಂಗಡಿಗರು ಈ ಮಕ್ಕಳ ಜೀನ್‌ಗಳಲ್ಲಿ ದೋಷ ಕಂಡರು. ಜೀವಕೋಶದೊಳಗೆ ಉಳಿದ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ಗುಡಿಸುವ ಕಿಣ್ವಗಳು ಅವರಲ್ಲಿ ಕೆಟ್ಟಿದ್ದವು. ಗುಡಿಸದೆ ಉಳಿದ ತನ್ನದೇ ಕಸವನ್ನು ದೇಹ ವೈರಸ್ಸೆಂದು ಬಗೆಯುತ್ತಿತ್ತು. ಅಷ್ಟರಲ್ಲಿ ಇಂಥ ಕಾಯಿಲೆಗಳಿಗೆ ಒಂದು ಕುಲನಾಮವೂ ಸಿಕ್ಕಿತ್ತು. ಸೋಂಕಿಲ್ಲದೆ ಮರುಕಳಿಸುವ ಕೆಲವು ಆನುವಂಶಿಕ ಜ್ವರಗಳನ್ನು ಅಮೆರಿಕದ ಡೇನಿಯಲ್ ಕ್ಯಾಸ್ಟ್ನರ್ ಅವರ ತಂಡ 1999ರಲ್ಲಿ ‘ಸ್ವಯಂ ಉರಿಯೂತ’ದ ರೋಗಗಳೆಂದು ಕರೆದಿತ್ತು.

ಸುಮ್ಮಸುಮ್ಮನೆ ಉರಿಯುವ ಇಂಥ ಮೈಗೆ ನಿಜವಾದ ವೈರಸ್ಸೇ ಬಂದರೆ ಏನಾಗುತ್ತದೆ?

ಒಂದೇ ಉತ್ತರವಿಲ್ಲ. ಮೆವಲೊನೇಟ್ ಕೈನೇಸ್ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಸಣ್ಣ ನೆಗಡಿ, ಕೆಲವೊಮ್ಮೆ ಲಸಿಕೆ ಕೂಡ, ನಾಲ್ಕೈದು ದಿನದ ಭಾರಿ ಜ್ವರವನ್ನು ಕೆರಳಿಸುತ್ತದೆ. ಎಡಿಎಆರ್ ಎಂಬ ಜೀನ್ ಕೆಟ್ಟ ಕೆಲವು ಮಕ್ಕಳು ಚೆನ್ನಾಗಿ ಆಡಿಕೊಂಡಿದ್ದು, ಒಂದು ಜ್ವರದ ಬೆನ್ನಿಗೇ ಕೈಕಾಲಿನ ಹಿಡಿತ ಕಳೆದುಕೊಂಡದ್ದಿದೆ. ಇಲ್ಲಿ ವೈರಸ್ ಬರೀ ಕಿಡಿ, ಕಟ್ಟಿಗೆ ಮೊದಲೇ ಒಣಗಿತ್ತು. ಇದಕ್ಕೆ ತಿರುಗುಮುರುಗಾದ ಜನರೂ ಇದ್ದಾರೆ. ಹುಟ್ಟಿನಿಂದಲೇ ಇಂಟರ್‌ಫೆರಾನಿನ ದಾರಿ ಮುಚ್ಚಿದ ಕೆಲವರು ಕೋವಿಡ್‌ನಲ್ಲಿ ತೀವ್ರ ನಿಗಾ ಘಟಕ ಸೇರಿದರೆಂದು 2020ರ ಅಧ್ಯಯನಗಳು ತೋರಿಸಿದವು. ಡಂಗುರ ಅತಿಯಾದರೂ ಕೇಡು, ಬಡಿಯದಿದ್ದರೂ ಕೇಡು.

ಕೋವಿಡ್ ಬಂದಾಗ ಸ್ವಯಂ ಉರಿಯೂತದ ರೋಗಿಗಳು ಸಹಜವಾಗಿಯೇ ಹೆದರಿದರು. ಮೆಡಿಟರೇನಿಯನ್ ಜ್ವರದ ರೋಗಿಗಳ ಬಗ್ಗೆ ಬಂದ ವರದಿಗಳು ಬಹುಮಟ್ಟಿಗೆ ಧೈರ್ಯ ಕೊಟ್ಟವು. ಆ ಜೀನ್ ಒಂದರಿಂದಲೇ ಕೋವಿಡ್ ಉಲ್ಬಣಿಸಲಿಲ್ಲ. ಎಲ್ಲರಿಗೂ ಅಪಾಯ ತರುವ ವಯಸ್ಸು, ಬೊಜ್ಜು, ಮೂತ್ರಪಿಂಡದ ತೊಂದರೆಗಳೇ ಇವರಿಗೂ ಅಪಾಯ ತಂದವು. ಹೆದರಿ ದಿನದ ಕೊಲ್ಚಿಸಿನ್ ಗುಳಿಗೆ ಬಿಟ್ಟರೆ ಹಳೆಯ ಜ್ವರ ಮರಳುತ್ತದೆ. ಉರಿಯೂತ ವರ್ಷಗಟ್ಟಲೆ ಉಳಿದರೆ ಮೂತ್ರಪಿಂಡವೇ ಹಾಳಾಗಬಹುದು. ಎಕಾರ್ಡಿ ಹೆಸರಿನ ಕಾಯಿಲೆಗೆ ಈಗ ಬಳಸುವ ಬ್ಯಾರಿಸಿಟಿನಿಬ್ ಇಂಟರ್‌ಫೆರಾನಿನ ಸದ್ದು ತಗ್ಗಿಸುತ್ತದೆ. ಆದರೆ ಅದೇ ಸದ್ದು ನಿಜವಾದ ವೈರಸ್ಸನ್ನೂ ತಡೆಯುವಂಥದ್ದು. ಆದ್ದರಿಂದ ಆ ಮದ್ದು ತೆಗೆದುಕೊಳ್ಳುವವರ ರಕ್ತದಲ್ಲಿ ವೈರಸ್ ತಲೆ ಎತ್ತಿದೆಯೇ ಎಂದು ನೋಡುತ್ತಿರಬೇಕಾಗುತ್ತದೆ.

ಇದೆಲ್ಲ ಪ್ಯಾರಿಸ್ ಲಂಡನ್ನಿನ ಮಾತಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಸಾಸವಡದಲ್ಲಾಗಲಿ ಮಾನ್ವಿಯಲ್ಲಾಗಲಿ ದವಾಖಾನೆಗೆ ಬಂದ ಜ್ವರಕ್ಕೆಲ್ಲ ‘ವೈರಲ್’ ಎಂಬ ಒಂದೇ ಹೆಸರು. ಬಹಳ ಸಲ ಅದು ಸರಿಯೂ ಹೌದು. ಆದರೆ ಬೇಸಿಗೆಯಲ್ಲೂ ತಪ್ಪದೆ ತಿರುಗಿ ಬರುವ, ಪ್ರತಿ ಸಲ ಒಂದೇ ರೀತಿ ಏರಿ ಇಳಿಯುವ, ಅಣ್ಣನಿಗೂ ತಂಗಿಗೂ ಇರುವ ಜ್ವರ ಬೇರೆ. ರಕ್ತಸಂಬಂಧದಲ್ಲೇ ಹೆಣ್ಣು ತರುವ ರೂಢಿ ಇನ್ನೂ ಉಳಿದಿರುವ ನಮ್ಮ ಕಡೆ, ತಂದೆತಾಯಿ ಇಬ್ಬರಿಂದಲೂ ಬಂದು ಸೇರುವ ಇಂಥ ದೋಷಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಚಂಡೀಗಡದ ಪಿಜಿಐ, ಮುಂಬಯಿಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಗಳು ಹುಟ್ಟಿನಿಂದ ಬರುವ ರೋಗನಿರೋಧಕ ದೋಷಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿವೆ. ಹಳ್ಳಿಯ ಮಗು ಅಲ್ಲಿಯವರೆಗೆ ತಲುಪಬೇಕಾದರೆ ಮೊದಲು ಊರಿನ ಡಾಕ್ಟರಿಗೆ ಸಂಶಯ ಬರಬೇಕು.

ಸಂಶಯ ಬಾರದಿದ್ದರೆ ತೆರುವ ಬೆಲೆ ದೊಡ್ಡದು. ಮಿದುಳಲ್ಲಿ ಸುಣ್ಣದ ಕಲೆಯಿರುವ ಮಗುವಿನ ತಾಯಿ ಕೇಳುವ ಮೊದಲ ಪ್ರಶ್ನೆ, ಮುಂದಿನ ಮಗು ಚೆನ್ನಾಗಿರುತ್ತದೆಯೇ ಎಂಬುದು. ಜೀಕಾದಿಂದ ಆಗಿದ್ದರೆ ಡಾಕ್ಟರು ಧೈರ್ಯ ಹೇಳಬಹುದು, ಆ ಸೋಂಕು ಆ ಬಸಿರಿನದು. ಎಕಾರ್ಡಿ–ಗೂತಿಯೇರ್ ಕಾಯಿಲೆಯಾಗಿದ್ದರೆ ಬಹುತೇಕ ಕುಟುಂಬಗಳಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅದೇ ಅಪಾಯ. ಎರಡೂ ಮಕ್ಕಳ ಸ್ಕ್ಯಾನ್ ನೋಡಲು ಒಂದೇ ತರಹ ಇರಬಹುದು. ‘ವೈರಸ್ ಸಿಗಲಿಲ್ಲ’ ಎಂಬ ವರದಿ ಬಂದ ದಿನ ಫೈಲು ಮುಚ್ಚುವ ಬದಲು ಮನೆಯಲ್ಲಿ ಇನ್ನಾರಿಗೆ ಹೀಗಾಗಿತ್ತು ಎಂದು ಕೇಳಿದರೆ, ಆ ತಾಯಿಗೆ ಸರಿಯಾದ ಉತ್ತರ ಸಿಕ್ಕೀತು.