ಕುಂಡದ ಹೂಬಳ್ಳಿಗಳಲ್ಲಿ ಹಿಟ್ಟು ತಿಗಣೆ

ಹಿಟ್ಟು ತಿಗಣೆಯು ಸ್ಯೂಡೋಕಾಕ್ಸಿಡೇ ಕುಟುಂಬಕ್ಕೆ ಸೇರಿದ, ಗಿಡಗಳ ರಸ ಹೀರುವ ಮೃದುದೇಹದ ಕೀಟ. ಮೈಮೇಲೆ ಹಿಟ್ಟು ಉದುರಿಸಿದಂತೆ ಕಾಣುವ ಬಿಳಿ ಮೇಣದ ಪುಡಿಯಿಂದ ಇದಕ್ಕೆ ಈ ಹೆಸರು ಬಂದಿದೆ. ಇದು ಹಾಸಿಗೆಯ ತಿಗಣೆಗಿಂತ ಶಲ್ಕ ಕೀಟ, ಸಸ್ಯಹೇನು ಮತ್ತು ಬಿಳಿನೊಣಗಳಿಗೆ ಹೆಚ್ಚು ಹತ್ತಿರದ್ದು. ಕುಂಡಗಳಲ್ಲಿ ಬೆಳೆಸುವ ಕಾಗದದ ಹೂ (ಬೋಗನ್‌ವಿಲ್ಲಾ), ಮಲ್ಲಿಗೆ, ಮಂಡೆವಿಲ್ಲಾ, ಹೋಯಾ ಮತ್ತು ಪ್ಯಾಶನ್ ಹೂವಿನ ಬಳ್ಳಿಗಳನ್ನು ಇದು ಬಾಧಿಸುತ್ತದೆ. ನಿವಾರಣೆಯಾಯಿತೆಂದು ಭಾವಿಸಿದ ಕೆಲವೇ ವಾರಗಳಲ್ಲಿ ಮತ್ತೆ ಕಾಣಿಸಿಕೊಳ್ಳುವುದರಿಂದ ಇದನ್ನು ಹಠಮಾರಿ ಕೀಟವೆಂದು ಪರಿಗಣಿಸಲಾಗುತ್ತದೆ.

ಜೀವನಚಕ್ರ

ಸಾಮಾನ್ಯವಾಗಿ ಕಂಡುಬರುವ ಪ್ಲಾನೊಕಾಕಸ್ ಸಿಟ್ರಿ ಪ್ರಭೇದದ ಹೆಣ್ಣು, ಹತ್ತಿಯಂತಹ ಚೀಲದೊಳಗೆ ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಉದ್ದಬಾಲದ ಹಿಟ್ಟು ತಿಗಣೆಯು ಇಂತಹ ಚೀಲವನ್ನು ಕಟ್ಟದೆ ನೇರವಾಗಿ ಮರಿಗಳನ್ನು ಹಾಕುತ್ತದೆ. ಹೊಸ ಮರಿಗಳು ತಿಳಿಹಳದಿ ಬಣ್ಣದವು; ಅವುಗಳ ಮೈಮೇಲೆ ಮೇಣ ಇನ್ನೂ ದಟ್ಟವಾಗಿರುವುದಿಲ್ಲ. ಚುರುಕಾಗಿ ಹರಿದಾಡುವ ಈ ಮರಿಗಳೇ ಕೀಟವನ್ನು ಬಳ್ಳಿಯಿಂದ ಬಳ್ಳಿಗೆ ಹರಡುತ್ತವೆ. ಗಂಡು ರೆಕ್ಕೆಯುಳ್ಳದ್ದಾಗಿದ್ದು, ಬೆಳೆದ ಮೇಲೆ ಆಹಾರ ಸೇವಿಸದೆ ಕೆಲವೇ ದಿನ ಬದುಕುತ್ತದೆ. ಬೆಚ್ಚನೆಯ ಹವೆಯಲ್ಲಿ ಒಂದು ಪೀಳಿಗೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಹೀಗಾಗಿ ಒಂದೇ ಬಳ್ಳಿಯ ಮೇಲೆ ಮೊಟ್ಟೆ, ಮರಿ ಮತ್ತು ಬೆಳೆದ ಕೀಟಗಳು ಏಕಕಾಲಕ್ಕೆ ಇರುತ್ತವೆ.

ಹಾನಿ ಮತ್ತು ಅಡಗುತಾಣಗಳು

ರಸ ಕಳೆದುಕೊಂಡ ಚಿಗುರು ಮುರುಟುತ್ತದೆ, ಎಲೆ ಹಳದಿಯಾಗುತ್ತದೆ, ಮೊಗ್ಗು ಅರಳುವ ಮೊದಲೇ ಉದುರುತ್ತದೆ. ಕೀಟವು ಹೊರಹಾಕುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬೆಳಕು ತಲುಪದಂತೆ ಮಾಡುತ್ತದೆ. ಈ ಸಿಹಿಯನ್ನು ತಿನ್ನಲು ಬರುವ ಇರುವೆಗಳು ತಿಗಣೆಗಳನ್ನು ಅವುಗಳ ಶತ್ರುಕೀಟಗಳಿಂದ ಕಾಯುತ್ತವೆ. ಆದ್ದರಿಂದ ಬಳ್ಳಿಯ ಮೇಲೆ ಇರುವೆಗಳ ಸಾಲು ಕಂಡರೆ ಹಿಟ್ಟು ತಿಗಣೆಗಾಗಿಯೂ ಹುಡುಕುವುದು ಯುಕ್ತ.

ಕುಂಡದ ಬಳ್ಳಿಯಲ್ಲಿ ಈ ಕೀಟಕ್ಕೆ ಅಡಗುತಾಣಗಳು ಹೇರಳ. ಆಸರೆಯ ಕೋಲಿಗೆ ಬಳ್ಳಿ ಸುತ್ತಿಕೊಂಡ ಜಾಗ, ಕಟ್ಟಿದ ದಾರದ ಗಂಟು, ಎಲೆಯ ಕಂಕುಳು, ಕುಂಡದ ಅಂಚಿನ ಕೆಳಭಾಗ ಇವುಗಳಿಗೆ ಸಿಂಪಡಣೆಯ ದ್ರಾವಣ ಸುಲಭವಾಗಿ ತಲುಪುವುದಿಲ್ಲ. ತಲುಪಿದರೂ ಮೇಣದ ಹೊದಿಕೆಯ ಮೇಲೆ ನೀರು ನಿಲ್ಲುವುದಿಲ್ಲ. ಸೂರಿನ ಕೆಳಗಿಟ್ಟ ಕುಂಡಗಳಿಗೆ ಮಳೆಯ ಹೊಡೆತವೂ ಇರುವುದಿಲ್ಲ. ಸಾರಜನಕ ಗೊಬ್ಬರ ಹೆಚ್ಚಾದಾಗ ಬರುವ ಎಳೆಯ ಚಿಗುರು ಕೀಟದ ಸಂತಾನವೃದ್ಧಿಗೆ ಅನುಕೂಲಕರ.

ಬೇರಿನ ಹಿಟ್ಟು ತಿಗಣೆಗಳು ಮಣ್ಣಿನೊಳಗೇ ಇರುತ್ತವೆ. ನೀರುಣಿಸಿದರೂ ಬಳ್ಳಿ ಸೊರಗುತ್ತಿದ್ದು ಮೇಲ್ಭಾಗದಲ್ಲಿ ಕೀಟ ಕಾಣದಿದ್ದರೆ, ಕುಂಡದಿಂದ ಬೇರುಮುದ್ದೆಯನ್ನು ಹೊರತೆಗೆದು ಬಿಳಿ ಮೇಣದ ಕಲೆಗಳಿವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ನಿರ್ವಹಣೆ

ಬಾಧಿತ ಕುಂಡವನ್ನು ಮೊದಲು ಉಳಿದವುಗಳಿಂದ ದೂರವಿಡಲಾಗುತ್ತದೆ. ಕಾಗದದ ಹೂವಿನ ಬಳ್ಳಿ ಹೊಸ ರೆಂಬೆಗಳಲ್ಲಿ ಹೂ ಬಿಡುವುದರಿಂದ ಅದನ್ನು ಧಾರಾಳವಾಗಿ ಸವರಬಹುದು. ಹೋಯಾದಲ್ಲಿ ಹಾಗಲ್ಲ: ಅದು ಹಳೆಯ ಹೂತೊಟ್ಟುಗಳಲ್ಲೇ ಮತ್ತೆ ಹೂ ಬಿಡುವುದರಿಂದ, ಅವನ್ನು ಕತ್ತರಿಸಿದರೆ ಮುಂದಿನ ಹೂವು ನಷ್ಟವಾಗುತ್ತದೆ. ಅಂತಹ ಬಳ್ಳಿಗಳಲ್ಲಿ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಕೀಟಗಳನ್ನು ಒರೆಸಿ ತೆಗೆಯಲಾಗುತ್ತದೆ. ಆಲ್ಕೋಹಾಲ್ ಮೇಣವನ್ನು ಭೇದಿಸುತ್ತದೆ. ಎಳೆಯ ಎಲೆ ಸುಡಬಹುದಾದ್ದರಿಂದ ಮೊದಲು ಒಂದು ಎಲೆಯ ಮೇಲೆ ಪ್ರಯೋಗಿಸುವುದು ಅಗತ್ಯ.

ಉಳಿದ ಕೀಟಗಳಿಗೆ ಒಂದು ಲೀಟರ್ ನೀರಿಗೆ ಸುಮಾರು 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೌಮ್ಯ ದ್ರವ ಸಾಬೂನಿನೊಂದಿಗೆ ಕಲಸಿ, ಬಿಸಿಲು ಇಳಿದ ಮೇಲೆ ಎಲೆಯ ಕೆಳಭಾಗವೂ ನೆನೆಯುವಂತೆ ಸಿಂಪಡಿಸಲಾಗುತ್ತದೆ. ಬಟ್ಟೆ ಒಗೆಯುವ ಪುಡಿ ಇದಕ್ಕೆ ಸೂಕ್ತವಲ್ಲ. ಸಾಬೂನು ಒಣಗಿದ ನಂತರ ಅದರ ಪರಿಣಾಮ ಉಳಿಯುವುದಿಲ್ಲ, ಚೀಲದೊಳಗಿನ ಮೊಟ್ಟೆಗಳೂ ಸಾಯುವುದಿಲ್ಲ. ಒಂದೇ ಸಿಂಪಡಣೆ ವಿಫಲವಾಗಲು ಇದೇ ಮುಖ್ಯ ಕಾರಣ. 7ರಿಂದ 10 ದಿನಗಳಿಗೊಮ್ಮೆ, ಕನಿಷ್ಠ ಮೂರು ನಾಲ್ಕು ಬಾರಿ ಪುನರಾವರ್ತಿಸಿದರೆ ಹೊಸದಾಗಿ ಹೊರಬಂದ ಮರಿಗಳು ಮೇಣ ಕಟ್ಟಿಕೊಳ್ಳುವ ಮೊದಲೇ ಸಿಗುತ್ತವೆ. ಬಳ್ಳಿಯ ತುದಿ ಗೋಡೆಗೋ ಕಂಬಿಗೋ ತಾಗಿದ್ದರೆ ಅದೇ ಇರುವೆಗಳಿಗೆ ಸೇತುವೆಯಾಗುವುದರಿಂದ, ಆ ತುದಿಯನ್ನು ಬಿಡಿಸಬೇಕಾಗುತ್ತದೆ.

ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಕೀಟನಾಶಕಗಳು ಗಿಡದ ರಸದ ಮೂಲಕ ತಿಗಣೆಯನ್ನು ತಲುಪುತ್ತವೆ. ಆದರೆ ಅವು ಮಕರಂದ ಮತ್ತು ಪರಾಗಕ್ಕೂ ಸೇರಿ ಜೇನುನೊಣಗಳಿಗೆ ಅಪಾಯ ತರುತ್ತವೆ. ಮುಡಿಯುವ ಮಲ್ಲಿಗೆಗೂ ಹಣ್ಣು ತಿನ್ನುವ ಪ್ಯಾಶನ್ ಬಳ್ಳಿಗೂ ಮನೆಯಂಗಳದಲ್ಲಿ ಇವುಗಳ ಬಳಕೆ ಅಪೇಕ್ಷಣೀಯವಲ್ಲ.

ಜೈವಿಕ ನಿಯಂತ್ರಣ

ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೇಮಸ್ ಮಾಂಟ್ರೂಜಿಯರಿ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಗಳ ಪ್ರಸಿದ್ಧ ಭಕ್ಷಕ. ಕಾಫಿಯ ಹಸಿರು ಶಲ್ಕ ಕೀಟದ ವಿರುದ್ಧ 1898ರಲ್ಲಿ ಭಾರತಕ್ಕೆ ತರಲಾದ ಇದು ಮುಂದೆ ದಕ್ಷಿಣ ಭಾರತದಲ್ಲಿ ಹಿಟ್ಟು ತಿಗಣೆಗಳ ಭಕ್ಷಕವಾಗಿ ನೆಲೆಸಿತು. ಪ್ಲಾನೊಕಾಕಸ್ ಸಿಟ್ರಿಯ ನಿಯಂತ್ರಣಕ್ಕಾಗಿ ಲೆಪ್ಟೋಮ್ಯಾಸ್ಟಿಕ್ಸ್ ಡ್ಯಾಕ್ಟಿಲೋಪೈ ಎಂಬ ಪರಾವಲಂಬಿ ಕಣಜವನ್ನು 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಲಾಯಿತು. ಕ್ರಿಪ್ಟೊಲೇಮಸ್‌ನ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ. ಹೀಗಾಗಿ ಅದನ್ನೇ ದೊಡ್ಡ ಹಿಟ್ಟು ತಿಗಣೆಯೆಂದು ಭ್ರಮಿಸಿ ಕೊಲ್ಲುವ ಸಂಭವ ಹೆಚ್ಚು. ಅದು ಹಿಟ್ಟು ತಿಗಣೆಗಿಂತ ಚುರುಕಾಗಿ ಚಲಿಸುತ್ತದೆ ಮತ್ತು ಅದರ ಮೇಣದ ಎಳೆಗಳು ಹೆಚ್ಚು ಉದ್ದವಾಗಿರುತ್ತವೆ. ಇಂತಹ ಮರಿಹುಳುಗಳು ಕಂಡ ಬಳ್ಳಿಯಲ್ಲಿ ಸಿಂಪಡಣೆ ನಿಲ್ಲಿಸಿ, ಇರುವೆಗಳನ್ನಷ್ಟೇ ತಡೆಯುವುದು ಸೂಕ್ತ.