ಗುಂಡಿ ಅಗೆಯದೆ ನೋಡೋಕೆ ಎಷ್ಟು ವರ್ಷ ಬೇಕಾಯ್ತು?

ಭಾಗ 1/7

ಮೊದಲೇ ಹೇಳ್ಬಿಡ್ತೀನಿ. ಈ ಸಲದ ಸರಣಿ ರಾಜರ ಬಗ್ಗೆ ಅಲ್ಲ, ಯುದ್ಧದ ಬಗ್ಗೆಯೂ ಅಲ್ಲ. ಮನೆ ಹಿಂದಿನ ಪಿಟ್ ಬಗ್ಗೆ. ಊಟ ಮಾಡ್ತಾ ಓದ್ತಿದ್ರೆ ಸೇವ್ ಮಾಡಿ ಆಮೇಲೆ ಬನ್ನಿ.

ಹೋದ ಮಳೆಗಾಲದಲ್ಲಿ ನಮ್ಮನೆ ಬಚ್ಚಲ ನೀರು ಇಳಿಯೋದು ನಿಂತುಹೋಯ್ತು. ಎರಡು ದಿನ ಕಳೆದ ಮೇಲೆ ಟಾಯ್ಲೆಟ್ ಕೂಡ ಉಕ್ಕೋಕೆ ಶುರು. ಬಂದವರೆಲ್ಲ ಒಂದೇ ಮಾತು ಹೇಳಿದ್ರು: "ಪಿಟ್ ತುಂಬಿದೆ." ನಮ್ಮ ಓಣಿಗೆ ಸಕ್ಕಿಂಗ್ ಲಾರಿ ಬರಲ್ಲ, ಅಷ್ಟು ಕಿರಿದು. ಆಗ ಪರಿಚಯದವರೊಬ್ಬರು ತಣ್ಣಗೆ ಹೇಳಿದ್ರು, "ಇಬ್ಬರು ಹುಡುಗರನ್ನ ಕಳಿಸ್ತೀನಿ, ಇಳಿದು ತೆಗೀತಾರೆ, ಅರ್ಧ ದಿನದ ಕೆಲಸ."

ಅಪ್ಪ ತಕ್ಷಣ ಬೇಡ ಅನ್ನಲಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಅನ್ನಲಿಲ್ಲ. ಮೂರು ದಿನದಿಂದ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡ್ತಿದ್ದೆ, ಬೇಗ ಮುಗಿದ್ರೆ ಸಾಕು ಅನ್ನಿಸಿತ್ತು.

ಆ ಒಂದು ಸಂಜೆಯಲ್ಲಿ ಏನಾಗಬಹುದಿತ್ತು ಅನ್ನೋದು ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು. ಅದಕ್ಕೇ ಈ ಸರಣಿ. ಆದರೆ ಕಥೆ ಶುರುವಾಗೋದು ನಮ್ಮ ಓಣಿಯಲ್ಲಲ್ಲ, 1854ರ ಲಂಡನ್ನಿನಲ್ಲಿ.

ಭಾಗ 2/7

ಲಂಡನ್ನಿನ ಸೋಹೋ ಪ್ರದೇಶ, ಬ್ರಾಡ್ ಸ್ಟ್ರೀಟ್. ಆಗಸ್ಟ್ ಕೊನೆಯ ದಿನ ಶುರುವಾದ ಕಾಲರಾ ಹತ್ತೇ ದಿನದಲ್ಲಿ ಆ ಸುತ್ತಮುತ್ತ 500ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಗ ಬಹುಪಾಲು ವೈದ್ಯರು ನಂಬಿದ್ದು ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ. ಜಾನ್ ಸ್ನೋ ಅನ್ನೋ ವೈದ್ಯರು ಮಾತ್ರ ನೀರಿನ ಮೇಲೆ ಅನುಮಾನ ಪಟ್ಟರು. ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋದರೆ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರು ಕುಡಿದವರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆಸಿದರು.

ಇಷ್ಟು ಕಥೆ ನಿಮಗೆ ಗೊತ್ತಿರಬಹುದು, ಸ್ನೋ ಮಾಡಿದ ನಕ್ಷೆ ತುಂಬ ಫೇಮಸ್. ಆದರೆ ಇಲ್ಲಿಗೆ ನಿಲ್ಲಿಸಿದರೆ ಅಸಲಿ ಪ್ರಶ್ನೆ ಉಳಿದುಬಿಡುತ್ತೆ: ಬಾವಿಗೆ ಕೊಳೆ ಬಂದದ್ದಾದರೂ ಎಲ್ಲಿಂದ?

ನೋಡೋಣ ಅಂತ ಬಾವಿ ತೆರೆದರು. ಒಳಗಿನ ಇಟ್ಟಿಗೆ ಗೋಡೆ ಪರೀಕ್ಷಿಸಿದರು. ಕೊಳೆ ಒಳಬರುವಂಥ ತೂತಾಗಲಿ ಬಿರುಕಾಗಲಿ ಸಿಗಲಿಲ್ಲ ಅಂತ ವರದಿ ಬಂತು. ಸ್ನೋ ಅವರ ವಾದಕ್ಕೆ ಇದು ದೊಡ್ಡ ಪೆಟ್ಟು.

ಬಿಕಾಂ ಓದೋರಿಗೆ ಇದು ಬೇಗ ಅರ್ಥವಾಗುತ್ತೆ. ಒಂದೇ ಲೆಡ್ಜರ್ ನೋಡಿ "ಎಲ್ಲ ಸರಿ ಇದೆ" ಅಂತ ಸಹಿ ಹಾಕಿದ ಆಡಿಟರ್ ಥರ. ನೋಡಿದ್ದೇನೋ ನಿಜ, ಆದರೆ ನೋಡಿದ ಜಾಗ ಬೇರೆ.

ಭಾಗ 3/7

ಈಗ ಕಥೆಗೆ ಹೆನ್ರಿ ವೈಟ್‌ಹೆಡ್ ಬರ್ತಾರೆ. ಅದೇ ಬೀದಿಗಳ ಚರ್ಚಿನ ಪಾದ್ರಿ, ಆಗಿನ್ನೂ 28 ವರ್ಷ. ಮೊದಲಿಗೆ ಅವರು ಸ್ನೋ ಹೇಳಿದ್ದನ್ನು ನಂಬಿರಲಿಲ್ಲ. ತಪ್ಪು ಅಂತ ತೋರಿಸೋಕೆ ಹೊರಟವರು ಮನೆಮನೆಗೆ ಹೋಗಿ ಕೇಳ್ತಾ ಕೇಳ್ತಾ ಸ್ನೋ ಪರವಾದರು.

ಮರಣ ದಾಖಲೆಗಳನ್ನು ತಿರುವಿ ಹಾಕುವಾಗ ಅವರಿಗೆ ಒಂದು ಸಾಲು ಸಿಕ್ಕಿತು. 40, ಬ್ರಾಡ್ ಸ್ಟ್ರೀಟ್. ಐದು ತಿಂಗಳ ಹೆಣ್ಣುಮಗು, ಸೆಪ್ಟೆಂಬರ್ 2ರಂದು ಸಾವು, ಅದಕ್ಕೂ ನಾಲ್ಕು ದಿನ ಮೊದಲು ಭೇದಿ. ಅಂದರೆ ಊರಿಗೆಲ್ಲ ರೋಗ ಹರಡುವ ಮುಂಚೆಯೇ ಈ ಮಗುವಿಗೆ ಶುರುವಾಗಿತ್ತು. ಆ ಮನೆ ಇದ್ದದ್ದು ಪಂಪಿಗೆ ತಾಗಿಕೊಂಡೇ.

ವೈಟ್‌ಹೆಡ್ ತಾಯಿ ಸಾರಾ ಲೂಯಿಸ್ ಹತ್ತಿರ ಹೋಗಿ ಮಾತಾಡಿದರು. ಮಗುವಿನ ಬಟ್ಟೆ ಒಗೆದ ನೀರು ಎಲ್ಲಿ ಚೆಲ್ಲಿದಿರಿ ಅಂತ ಕೇಳಿದಾಗ ಆಕೆ ಹೇಳಿದ್ದು: ಸ್ವಲ್ಪ ಮನೆ ಮುಂಭಾಗದ ನೆಲಮಾಳಿಗೆಯ ಮಲದ ಗುಂಡಿಗೆ.

1855ರ ಏಪ್ರಿಲ್‌ನಲ್ಲಿ ಜೆಹೋಶಫಾಟ್ ಯಾರ್ಕ್ ಅನ್ನೋ ಸರ್ವೇಯರ್ ಅಲ್ಲಿ ಅಗೆಸಿದರು. ಗುಂಡಿಯ ಇಟ್ಟಿಗೆಗಳು ಎಷ್ಟು ಸಡಿಲವಾಗಿದ್ದವೆಂದರೆ ಬಲ ಹಾಕದೆ ಎತ್ತಬಹುದಿತ್ತು. ಮನೆಯ ಚರಂಡಿಯ ಗಾರೆ ಕೊಳೆತುಹೋಗಿತ್ತು. ಅಲ್ಲಿಂದ ಬಾವಿಗೆ ಇದ್ದ ದೂರ 3 ಅಡಿಗೂ ಕಡಿಮೆ. ನಡುವಿನ ಮಣ್ಣು ಕೆಸರಾಗಿ ಹೊಲಸು ಕುಡಿದುಕೊಂಡಿತ್ತು.

ಇನ್ನೊಂದು ವಿಷಯ. ಪಂಪಿನ ಹಿಡಿ ತೆಗೆದ ದಿನವೇ ಆ ಮಗುವಿನ ಅಪ್ಪನಿಗೂ ಕಾಲರಾ ಹಿಡಿಯಿತು, ಕೆಲವೇ ದಿನಗಳಲ್ಲಿ ಅವರೂ ತೀರಿಕೊಂಡರು. ಆ ಮನೆಯ ಹೊಲಸು ಮತ್ತೆ ಅದೇ ಗುಂಡಿ ಸೇರುವ ಹೊತ್ತಿಗೆ ಹಿಡಿ ಇರಲಿಲ್ಲ. ಇದ್ದಿದ್ದರೆ?

ಭಾಗ 4/7

ಇಲ್ಲಿ ಒಂದು ನಿಮಿಷ ನಿಲ್ಲಿ. ಊರನ್ನೇ ಕೊಂದ ದೋಷ ಇದ್ದದ್ದು ಒಂದು ಮನೆಯ ಗುಂಡಿ ಮತ್ತು ಒಂದು ಪೈಪಿನಷ್ಟು ಚರಂಡಿಯಲ್ಲಿ. ಅದನ್ನು ನೋಡೋಕೆ ಇದ್ದ ದಾರಿ ಎರಡೇ: ಅಗೆಯಬೇಕು, ಇಲ್ಲಾ ಒಬ್ಬ ಮನುಷ್ಯ ಇಳಿಯಬೇಕು.

ಮೂರನೇ ದಾರಿ ಹುಡುಕಿದ್ದು ವಾಸ್ತವದಲ್ಲಿ ಪ್ಲಂಬರ್‌ಗಳಲ್ಲ, ಡಾಕ್ಟರ್‌ಗಳ ಲೋಕ. 1806ರ ಹೊತ್ತಿಗೆ ಜರ್ಮನಿಯ ಫಿಲಿಪ್ ಬೊಜ್ಜಿನಿ ಮೇಣದಬತ್ತಿ, ಕನ್ನಡಿ, ಕೊಳವೆ ಇಟ್ಟುಕೊಂಡು ದೇಹದೊಳಗೆ ನೋಡುವ ಉಪಕರಣ ಮಾಡಿದ್ದರು. ಆದರೆ ಬೆಳಕು ನೇರ ಹೋಗುತ್ತೆ, ಕರುಳು ಸೊಟ್ಟ. ಪೈಪೂ ಹಾಗೇ.

1954ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಒಂದು ಲೇಖನ ಬಂತು. ಕೂದಲಿನಂಥ ಗಾಜಿನ ಎಳೆಗಳನ್ನು ಕಟ್ಟುಕಟ್ಟಿ, ಬಗ್ಗಿಸಿದರೂ ಚಿತ್ರ ಆ ಕಡೆಯಿಂದ ಈ ಕಡೆಗೆ ಬರುವಂತೆ ಮಾಡಬಹುದು ಅಂತ. ಬರೆದವರು ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಅವರ ವಿದ್ಯಾರ್ಥಿ ನರೀಂದರ್ ಸಿಂಗ್ ಕಪಾನಿ. ಹೌದು, ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದವರು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿಸಿಡಿ ಹುಟ್ಟಿತು, ಬೆಳಕನ್ನು ವಿದ್ಯುತ್ತಾಗಿ ಓದುವ ಚಿಪ್. ಇದಾದ ಮೇಲೆ ಕ್ಯಾಮೆರಾ ಸಣ್ಣದಾಗ್ತಾ ಹೋಯ್ತು. ಅಷ್ಟರಲ್ಲಿ ದೊಡ್ಡ ಒಳಚರಂಡಿಗಳಲ್ಲಿ ಟಿವಿ ಕ್ಯಾಮೆರಾ ಎಳೆದುಕೊಂಡು ಹೋಗಿ ನೋಡೋದು ಶುರುವಾಗಿತ್ತು. 1980ರಲ್ಲಿ ಬ್ರಿಟನ್ನಿನ ವಾಟರ್ ರಿಸರ್ಚ್ ಸೆಂಟರ್ ಒಂದು ಕೈಪಿಡಿ ತಂದಿತು: ಬಿರುಕಿಗೆ ಒಂದು ಕೋಡ್, ಬೇರಿಗೆ ಒಂದು ಕೋಡ್, ಜಾಯಿಂಟ್ ಸರಿದಿದ್ದರೆ ಇನ್ನೊಂದು. ಯಾರು ನೋಡಿದರೂ ಒಂದೇ ಭಾಷೆಯಲ್ಲಿ ಬರೆಯಲಿ ಅಂತ. ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇದ್ದ ಹಾಗೆ.

ಭಾಗ 5/7

ಈಗ ನಮ್ಮನೆಗೆ ವಾಪಸ್ ಬರೋಣ.

ಅಮ್ಮ ಗಟ್ಟಿಯಾಗಿ ಹೇಳಿದ್ರು, "ಯಾರೂ ಇಳಿಯೋದು ಬೇಡ. ಅವರ ಮನೇಲೂ ಒಬ್ಬಳು ಅಮ್ಮ ಇರ್ತಾಳೆ." ಮರುದಿನ ಕ್ಯಾಮೆರಾ ಇರೋ ಪ್ಲಂಬರ್ ಒಬ್ಬರನ್ನು ಹುಡುಕಿ ಕರೆಸಿದ್ವಿ.

ಒಂದು ಚಕ್ರಕ್ಕೆ ಸುತ್ತಿದ ಗಟ್ಟಿ ಕೇಬಲ್. ತುದಿಯಲ್ಲಿ ಹೆಬ್ಬೆರಳಿನಷ್ಟು ಕ್ಯಾಮೆರಾ, ಸುತ್ತ ಎಲ್‌ಇಡಿ ದೀಪ. ಕೇಬಲ್ ಎಷ್ಟು ಮೀಟರ್ ಒಳಗೆ ಹೋಯ್ತು ಅಂತ ಸ್ಕ್ರೀನ್ ಮೇಲೆ ತೋರಿಸುತ್ತೆ. ಕ್ಯಾಮೆರಾ ಹತ್ತಿರ ಸಿಗ್ನಲ್ ಬಿಡೋ ಪುಟ್ಟ ಟ್ರಾನ್ಸ್‌ಮಿಟರ್ ಇರುತ್ತೆ, ಮೇಲೆ ನೆಲದ ಮೇಲೆ ರಿಸೀವರ್ ಹಿಡಿದು ಓಡಾಡಿದರೆ ಅದು ಸರಿಯಾಗಿ ಎಲ್ಲಿದೆ ಅಂತ ಗೊತ್ತಾಗುತ್ತೆ.

ಬಚ್ಚಲ ಕಡೆಯಿಂದ ಬಿಟ್ಟರು. ಮೊದಲು ಎಣ್ಣೆ ಜಿಡ್ಡು, ಆಮೇಲೆ ಒಂದು ತಿರುವು. 7 ಮೀಟರ್ ಹತ್ತಿರ ಸ್ಕ್ರೀನ್ ತುಂಬ ಕೂದಲು. ಕೂದಲಲ್ಲ, ಬೇರು! ಅಂಗಳದ ಬಾದಾಮಿ ಮರದ ಬೇರು ಹಳೇ ಮಣ್ಣಿನ ಪೈಪಿನ ಜಾಯಿಂಟಿನೊಳಗೆ ನುಗ್ಗಿ ಜಡೆ ಹೆಣೆದುಕೊಂಡಿತ್ತು.

ಆಮೇಲೆ ಪಿಟ್ ಪಕ್ಕದ ಚೇಂಬರ್ ಕಡೆಯಿಂದ ಬಿಟ್ಟರು. ಪೈಪ್ ಖಾಲಿ. ಪಿಟ್‌ಗೆ ಸೇರುವ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿತ್ತು.

ಅರ್ಥ ಆಯ್ತಲ್ವಾ? ಪಿಟ್ ತುಂಬೇ ಇರಲಿಲ್ಲ. ಆ ಇಬ್ಬರು ಹುಡುಗರು ಇಳಿದಿದ್ದರೆ, ಇಲ್ಲದೇ ಇರೋ ದೋಷಕ್ಕೆ ಇಳೀತಿದ್ರು.

ಗುರುತು ಹಾಕಿದ ಜಾಗದಲ್ಲಿ ಅಗೆದು, ಕೆಟ್ಟ ಪೈಪ್ ತೆಗೆದು ಹೊಸದು ಹಾಕಿದರು. ಸಂಜೆ ಬಚ್ಚಲ ನೀರು ಸರ್ ಅಂತ ಇಳೀತು.

ಭಾಗ 6/7

"ಇಳಿದರೆ ಏನಾಗುತ್ತೆ, ಎಷ್ಟೋ ಜನ ಇಳೀತಾರೆ" ಅನ್ನೋರಿಗೆ ಇದು.

ಮುಚ್ಚಿದ ಪಿಟ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತೆ, ವಾಸನೆ ಗೊತ್ತಾಗಲ್ಲ. ವಾಸನೆ ಇಲ್ಲ, ಪರವಾಗಿಲ್ಲ ಅಂದುಕೊಂಡೇ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತೋಕೆ ಇಳಿದ ಇನ್ನೊಬ್ಬನೂ ಕುಸಿಯುತ್ತಾನೆ. ಪೇಪರಿನಲ್ಲಿ ಸಾವುಗಳು ಎರಡು, ಮೂರು ಅಂತ ಒಟ್ಟಿಗೇ ಬರೋದು ಇದಕ್ಕೇ.

ಇಳಿಯೋರು ಯಾರು ಅನ್ನೋದೂ ಕಾಕತಾಳೀಯ ಅಲ್ಲ. ಆ ಕೆಲಸವನ್ನು ಜಾತಿ ಹಂಚಿಕೊಟ್ಟಿತ್ತು. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೆಜಿಎಫ್‌ನಲ್ಲಿ ಸಫಾಯಿ ಕರ್ಮಚಾರಿಗಳ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ದೇಶ ಸುತ್ತಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವಂತಿಲ್ಲ. ಇದು ಪಾಲಿಕೆಗೆ ಮಾತ್ರ ಅಲ್ಲ, ಮನೆ ಮಾಲೀಕರಿಗೂ ಅನ್ವಯ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂತ ಹೇಳಿತ್ತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಕಾನೂನು ಬಂದು ಹತ್ತು ವರ್ಷದ ಮೇಲೂ ಪರಿಹಾರದ ಮೊತ್ತ ಏರಿಸಬೇಕಾಯ್ತು ಅಂದರೆ, ಸಾವು ನಿಂತಿಲ್ಲ ಅಂತಲೇ ಅರ್ಥ.

ಭಾಗ 7/7

ಕ್ಯಾಮೆರಾ ಮ್ಯಾಜಿಕ್ ಅಲ್ಲ, ಅದನ್ನೂ ಹೇಳ್ಬೇಕು. ಅದು ನೋಡುತ್ತೆ ಅಷ್ಟೇ, ಕ್ಲೀನ್ ಮಾಡಲ್ಲ. ಕೊಳೆ ನೀರಿನಲ್ಲಿ ಮುಳುಗಿದರೆ ಏನೂ ಕಾಣಲ್ಲ, ಮೊದಲು ಪೈಪ್ ತೊಳೆಯಬೇಕು. ಪೈಪಿನ ಹೊರಗಿನ ಮಣ್ಣು ಹೇಗಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಬ್ರಾಡ್ ಸ್ಟ್ರೀಟಿನಲ್ಲಿ ಬಾವಿಯೊಳಗೆ ಕ್ಯಾಮೆರಾ ಬಿಟ್ಟಿದ್ದರೆ ಅದೂ "ಬಿರುಕಿಲ್ಲ" ಅಂತಲೇ ತೋರಿಸುತ್ತಿತ್ತೇನೋ. ಆ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಯ್ತು ಅಂತ ಕೇಳೋಕೆ ಒಬ್ಬ ವೈಟ್‌ಹೆಡ್ ಬೇಕೇ ಬೇಕಾಗಿತ್ತು.

ಹಾಗಾಗಿ ನಿಮ್ಮನೆ ಪಿಟ್ ಉಕ್ಕಿದರೆ ಮೊದಲು ಇಷ್ಟು ಕೇಳಿ:

ಒಂದೇ ಕಡೆ ಕಟ್ಟಿದೆಯಾ, ಎಲ್ಲ ಕಡೆ ಕಟ್ಟಿದೆಯಾ? ಒಂದೇ ಕಡೆ ಅಂದ್ರೆ ದೋಷ ಅಲ್ಲೇ ಹತ್ತಿರ ಇರೋ ಸಾಧ್ಯತೆ ಜಾಸ್ತಿ.

ಮಳೆ ಬಂದಾಗ ಮಾತ್ರವಾ, ಯಾವಾಗಲೂನಾ?

ಪೈಪ್ ಹೋಗೋ ದಾರಿಯಲ್ಲಿ ಮರ ಇದೆಯಾ?

ಪಕ್ಕದಲ್ಲಿ ಬಾವಿ, ಸಂಪು, ಬೋರ್ ಇದೆಯಾ? ಇದ್ದರೆ ನೀರು ಪರೀಕ್ಷೆ ಮಾಡಿಸಿ.

ಆಮೇಲೆ ಕ್ಯಾಮೆರಾ, ಆಮೇಲೆ ಯಂತ್ರ. ಮನುಷ್ಯ ಮಾತ್ರ ಬೇಡ.

ಯಾರ್ಕ್ ಅಗೆಸಿದ್ದು ಜನ ಸತ್ತು ಏಳೆಂಟು ತಿಂಗಳಾದ ಮೇಲೆ. ನಮಗೆ ಸತ್ತ ಮೇಲೆ ನೋಡಬೇಕಾದ ಕರ್ಮ ಇಲ್ಲ. ಪ್ಲಂಬರ್ ಹೋದ ಮೇಲೆ ಅಪ್ಪ ಆ ಪರಿಚಯದವರಿಗೆ ಫೋನ್ ಮಾಡಿ, "ಹುಡುಗರನ್ನ ಕಳಿಸ್ಬೇಡಿ, ನಮ್ಮನೆಗಲ್ಲ, ಯಾರ ಮನೆಗೂ" ಅಂದ್ರು. ಆ ಕಡೆಯಿಂದ ಏನು ಉತ್ತರ ಬಂತು ಅಂತ ಅಪ್ಪ ಹೇಳಲಿಲ್ಲ.

ನಿಮ್ಮ ಓಣಿಯಲ್ಲಿ ಯಾರಾದರೂ "ಇಬ್ಬರನ್ನ ಇಳಿಸಿ ಮುಗಿಸೋಣ" ಅಂದರೆ ಈ ಸರಣಿ ಅವರಿಗೆ ಕಳಿಸಿ. ನಿಮ್ಮೂರಲ್ಲಿ ಹೇಗಿದೆ ಅಂತ ಕಮೆಂಟಲ್ಲಿ ಬರೀರಿ, ಎಲ್ಲವನ್ನೂ ಓದ್ತೀನಿ.

#ಇತಿಹಾಸದಸಣ್ಣಕಥೆ #ಬ್ರಾಡ್‌ಸ್ಟ್ರೀಟ್ #ಯಾರೂಇಳಿಯೋದುಬೇಡ